ಹೊಸ ಅಧ್ಯಕ್ಷರ ಮೊದಲ ಮೂರು ತಿಂಗಳು

ಸಂಘದ ಚುನಾವಣೆ ಮುಗಿದು, ಹಾರ ಹಾಕಿ, ಸಿಹಿ ಹಂಚಿದ ಮರುದಿನ ಬೆಳಿಗ್ಗೆಯೂ ಎಂದಿನ ಹೊತ್ತಿಗೆ ಹಾಲು ಬರುತ್ತದೆ. ಹಸುವಿಗೆ ಯಾರು ಗೆದ್ದರು, ಯಾರು ಸೋತರು ಎಂಬುದು ಗೊತ್ತಿಲ್ಲ. ಹಾಲು ಹಿಂಡುವವರು ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ, ಪರೀಕ್ಷಕರು ಅಳೆಯುತ್ತಾರೆ, ಒಕ್ಕೂಟದ ವಾಹನ ಹೊತ್ತಿಗೆ ಬಂದು ಹೋಗುತ್ತದೆ. ನಿನ್ನೆಯವರೆಗೆ ಅದೇ ಸಾಲಿನಲ್ಲಿ ನಿಂತು "ಈ ಸಂಘದಲ್ಲಿ ಏನೂ ಸರಿಯಿಲ್ಲ" ಎನ್ನುತ್ತಿದ್ದ ಒಬ್ಬ ಸದಸ್ಯರು ಮಾತ್ರ ಇಂದು ಅಧ್ಯಕ್ಷರು. ಇನ್ನು ಮೇಲೆ ಆ ಮಾತನ್ನು ಅವರು ಯಾರಿಗೂ ಹೇಳುವಂತಿಲ್ಲ. ಉಳಿದವರು ಅವರಿಗೆ ಹೇಳುತ್ತಾರೆ.

ಹಾಲು ಉತ್ಪಾದಕರ ಸಹಕಾರ ಸಂಘದ ಅಧ್ಯಕ್ಷ ಪದವಿಗೆ ಬರುವವರಲ್ಲಿ ಹೆಚ್ಚಿನವರು ಹಿಂದೆ ಯಾವ ಸಂಸ್ಥೆಯನ್ನೂ ನಡೆಸಿದವರಲ್ಲ. ಎರಡು ಮೂರು ಹಸು ಕಟ್ಟಿಕೊಂಡು, ಹೊಲ ಮನೆ ನೋಡಿಕೊಂಡು ಇದ್ದವರು. ಅದರಲ್ಲಿ ತಪ್ಪೇನಿಲ್ಲ, ಸಹಕಾರದ ಬಲವೇ ಅದು. ಆದರೆ ಪದವಿಗೆ ಬಂದ ಮೊದಲ ಮೂರು ತಿಂಗಳಲ್ಲಿ ಅವರು ಏನು ಮಾಡುತ್ತಾರೆ, ಏನು ಮಾಡದೆ ಬಿಡುತ್ತಾರೆ ಎಂಬುದರ ಮೇಲೆ ಮುಂದಿನ ಐದು ವರ್ಷ ನಿಂತಿರುತ್ತದೆ. ಈ ಲೇಖನವನ್ನು ಅಧ್ಯಕ್ಷರಷ್ಟೇ ಅಲ್ಲ, ಸಾಮಾನ್ಯ ಸದಸ್ಯರೂ ಓದಬೇಕೆಂದು ಕೋರಿಕೆ. ಅಧ್ಯಕ್ಷರಿಂದ ಏನನ್ನು ಕೇಳಬೇಕು, ಏನನ್ನು ಕೇಳಬಾರದು ಎಂಬುದು ಅವರಿಗೂ ತಿಳಿದಿರಬೇಕಲ್ಲವೇ?

ಎಣಿಸಿ ತೆಗೆದುಕೊಳ್ಳಿ

ಅಧಿಕಾರ ವಹಿಸಿಕೊಳ್ಳುವುದೆಂದರೆ ಕುರ್ಚಿಯಲ್ಲಿ ಕುಳಿತು ಫೋಟೋ ತೆಗೆಸಿಕೊಳ್ಳುವುದಲ್ಲ. ಸಂಘದ ಆಸ್ತಿ ಮತ್ತು ಹೊಣೆ ಎರಡನ್ನೂ ಎಣಿಸಿ ತೆಗೆದುಕೊಳ್ಳುವುದು. ಮೊದಲ ವಾರದಲ್ಲಿಯೇ ಒಂದು ದಿನ ಗೊತ್ತುಮಾಡಿ, ಹಿಂದಿನ ಅಧ್ಯಕ್ಷರು, ಕಾರ್ಯದರ್ಶಿಯವರು, ಇಬ್ಬರು ನಿರ್ದೇಶಕರು ಕುಳಿತು ಈ ಕೆಲಸ ಮಾಡಬೇಕು. ನಗದು ಪುಸ್ತಕದಲ್ಲಿ ಕಾಣುವ ಕೈಶಿಲ್ಕು ಪೆಟ್ಟಿಗೆಯಲ್ಲಿ ನಿಜವಾಗಿ ಇದೆಯೇ? ಬ್ಯಾಂಕಿನ ಪಾಸ್ ಪುಸ್ತಕಕ್ಕೂ ಸಂಘದ ಲೆಕ್ಕಕ್ಕೂ ತಾಳೆ ಇದೆಯೇ? ಪಶು ಆಹಾರದ ಚೀಲಗಳು ದಾಸ್ತಾನು ಪುಸ್ತಕದಲ್ಲಿ ಎಷ್ಟಿವೆ, ಗೋದಾಮಿನಲ್ಲಿ ಎಷ್ಟಿವೆ? ಚೀಲಗಳನ್ನು ಕಣ್ಣಳತೆಯಲ್ಲಿ ನೋಡಿ "ಸರಿಯಿದೆ" ಎನ್ನಬಾರದು, ಒಂದೊಂದಾಗಿ ಎಣಿಸಬೇಕು. ಕ್ಯಾನು, ತೂಕದ ಯಂತ್ರ, ಹಾಲು ಪರೀಕ್ಷಾ ಯಂತ್ರ, ಕೃತಕ ಗರ್ಭಧಾರಣೆಯ ಸೌಲಭ್ಯವಿದ್ದರೆ ದ್ರವ ಸಾರಜನಕದ ಜಾಡಿ, ಕಂಪ್ಯೂಟರ್, ಕಟ್ಟಡದ ದಾಖಲೆ, ಷೇರು ರಿಜಿಸ್ಟರ್, ನಡವಳಿ ಪುಸ್ತಕ, ಹಿಂದಿನ ಲೆಕ್ಕಪರಿಶೋಧನಾ ವರದಿ, ಇವೆಲ್ಲ ಪಟ್ಟಿಗೆ ಬರಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಸಂಘಕ್ಕೆ ಯಾರಿಂದ ಎಷ್ಟು ಬರಬೇಕು ಎಂಬ ಪಟ್ಟಿ. ಪಶು ಆಹಾರವನ್ನು ಸಾಲವಾಗಿ ಒಯ್ದು, ನಂತರ ಹಾಲು ಹಾಕುವುದನ್ನು ನಿಲ್ಲಿಸಿದವರ ಬಾಕಿ ಹಲವು ಸಂಘಗಳಲ್ಲಿ ವರ್ಷಗಟ್ಟಲೆ ಹಾಗೆಯೇ ಇರುತ್ತದೆ. ಈ ಪಟ್ಟಿ ಮೊದಲ ವಾರದಲ್ಲಿ ಬರೆದಿಟ್ಟರೆ ಅದು ಹಿಂದಿನ ಬಾಕಿ. ಆರು ತಿಂಗಳಾದ ಮೇಲೆ ಯಾರಾದರೂ ಎತ್ತಿದರೆ ಅದು ನಿಮ್ಮ ಬಾಕಿ.

ಪಟ್ಟಿಗೆ ಎಲ್ಲರೂ ಸಹಿ ಹಾಕಿ, ಒಂದು ಪ್ರತಿಯನ್ನು ಸಂಘದ ಕಡತದಲ್ಲಿ ಇಡಬೇಕು. "ಹೀಗೆ ಎಣಿಸಿದರೆ ಹಳೆಯವರ ಮೇಲೆ ಅನುಮಾನಪಟ್ಟಂತಾಗುತ್ತದೆ" ಎಂದು ಕೆಲವರು ಸಂಕೋಚಪಡುತ್ತಾರೆ. ಇದು ತಪ್ಪು ತಿಳಿವಳಿಕೆ. ಎಣಿಸಿ ಕೊಟ್ಟವರಿಗೆ ಮುಂದೆ ಯಾರ ಮಾತಿನ ಭಯವೂ ಇರುವುದಿಲ್ಲ, ಆದುದರಿಂದ ಇದು ಕೊಡುವವರಿಗೂ ರಕ್ಷಣೆ.

ಬ್ಯಾಂಕಿನಲ್ಲಿ ಸಹಿ ಬದಲಾವಣೆಗೆ ಆಡಳಿತ ಮಂಡಳಿಯ ಠರಾವು ಬೇಕು. ಸಹಿಯ ಅಧಿಕಾರ ಬಂದ ದಿನದಿಂದ ಒಂದು ನಿಯಮವನ್ನು ಬಿಡದೆ ಪಾಲಿಸಬೇಕು. ಖಾಲಿ ಚೆಕ್ಕಿಗೆ ಸಹಿ ಹಾಕಬಾರದು. "ನೀವು ಊರಲ್ಲಿ ಇರೋದಿಲ್ಲ, ಎರಡು ಹಾಳೆಗೆ ಸಹಿ ಮಾಡಿ ಹೋಗಿ ಸ್ವಾಮಿ" ಎಂಬ ಕೋರಿಕೆ ಬಂದೇ ಬರುತ್ತದೆ, ಅದೂ ಸಾಮಾನ್ಯವಾಗಿ ಬಟವಾಡೆಯ ಹಿಂದಿನ ದಿನ. ಕೇಳುವವರು ಪ್ರಾಮಾಣಿಕರೇ ಇರಬಹುದು. ಆದರೂ ಹಾಕಬಾರದು. ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮ 1959ರ 69ನೇ ಕಲಮಿನ ಪ್ರಕಾರ, ಸಂಘಕ್ಕೆ ನಷ್ಟ ಉಂಟುಮಾಡಿದವರಿಂದ ಆ ಹಣವನ್ನು ವಸೂಲಿ ಮಾಡಲು ಅವಕಾಶವಿದೆ. ಅಂತಹ ಸಂದರ್ಭದಲ್ಲಿ ಚೆಕ್ಕಿನ ಮೇಲಿರುವ ಸಹಿಯೇ ಮೊದಲು ಎದುರಿಗೆ ಬರುತ್ತದೆ.

ಹದಿನೈದು ದಿನ ಎರಡು ಹೊತ್ತು

"ಹೊಸತರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ" ಎಂಬ ಗಾದೆ ಎಲ್ಲರಿಗೂ ಗೊತ್ತು. ಹೊಸ ಅಧ್ಯಕ್ಷರಿಗೆ ಬರುವ ಮೊದಲ ಆಸೆ ಏನಾದರೊಂದನ್ನು ಬದಲಾಯಿಸಿ ತೋರಿಸಬೇಕು ಎಂಬುದು. ಪರೀಕ್ಷಕರನ್ನು ಬದಲಿಸುವುದು, ಸಂಗ್ರಹಣೆಯ ವೇಳೆ ಬದಲಿಸುವುದು, ಕಟ್ಟಡಕ್ಕೆ ಬಣ್ಣ ಹೊಡೆಸುವುದು. ಇದ್ಯಾವುದನ್ನೂ ಮೊದಲ ತಿಂಗಳು ಮಾಡುವ ಅಗತ್ಯವಿಲ್ಲ. ಅದರ ಬದಲು ಹದಿನೈದು ದಿನ, ಬೆಳಿಗ್ಗೆ ಮತ್ತು ಸಂಜೆ, ಸಂಗ್ರಹಣೆ ಆರಂಭವಾಗುವುದರಿಂದ ಹಿಡಿದು ಕ್ಯಾನು ತೊಳೆದು ಬಾಗಿಲು ಹಾಕುವವರೆಗೆ ಸಂಘದಲ್ಲಿ ಸುಮ್ಮನೆ ನಿಂತು ನೋಡಲಿ. ಕೈ ಹಾಕುವುದು ಬೇಡ, ಗದರಿಸುವುದೂ ಬೇಡ.

ನೋಡುವುದಕ್ಕೆ ಬಹಳ ಇದೆ. ಸದಸ್ಯರು ತಂದ ಹಾಲನ್ನು ಚೆನ್ನಾಗಿ ಕಲಕಿ ಮಾದರಿ ತೆಗೆಯುತ್ತಾರೋ, ಮೇಲಿನಿಂದಲೇ ಎತ್ತುತ್ತಾರೋ? ಹಾಲನ್ನು ಸ್ವಲ್ಪ ಹೊತ್ತು ಬಿಟ್ಟರೆ ಜಿಡ್ಡು ಮೇಲಕ್ಕೆ ಬರುತ್ತದೆ, ಕಲಕದೆ ಮೇಲಿನಿಂದ ತೆಗೆದ ಮಾದರಿಯಲ್ಲಿ ಜಿಡ್ಡು ಹೆಚ್ಚು ಕಾಣುತ್ತದೆ. ಒಬ್ಬರ ಮಾದರಿಗೂ ಮತ್ತೊಬ್ಬರ ಮಾದರಿಗೂ ನಡುವೆ ಪಾತ್ರೆ, ಯಂತ್ರ ಶುಚಿಯಾಗುತ್ತದೆಯೇ? ಚೀಟಿ ಸದಸ್ಯರ ಕೈಗೆ ಅಲ್ಲಿಯೇ ಸಿಗುತ್ತದೆಯೇ? ಸ್ಥಳೀಯ ಮಾರಾಟದ ಹಾಲನ್ನು ಅಳತೆ ಮಾಡಿ ಕೊಡುತ್ತಾರೋ, ಅಂದಾಜಿನಲ್ಲಿ ಸುರಿಯುತ್ತಾರೋ? ಪರೀಕ್ಷೆಯಾಗಿ ಉಳಿದ ಮಾದರಿ ಹಾಲು ಎಲ್ಲಿಗೆ ಹೋಗುತ್ತದೆ? ಈ ಕೊನೆಯ ಪ್ರಶ್ನೆ ಸಣ್ಣದೆಂದು ಕಂಡೀತು. ನೂರು ಜನರ ಮಾದರಿ, ದಿನಕ್ಕೆ ಎರಡು ಹೊತ್ತು, ವರ್ಷಕ್ಕೆ 365 ದಿನ ಎಂದು ಗುಣಿಸಿ ನೋಡಿದರೆ ಸಣ್ಣದಲ್ಲ. ಆ ಹಾಲು ಸಂಘದ್ದು, ಅದರ ಲೆಕ್ಕ ಪುಸ್ತಕದಲ್ಲಿ ಇರಬೇಕು.

ಒಂದು ಹೊತ್ತಿನ ಲೆಕ್ಕ

ಅಧ್ಯಕ್ಷರಿಗೆ ಎಲ್ಲ ಪುಸ್ತಕ ಓದಲು ಬರಬೇಕಿಲ್ಲ. ಆದರೆ ಒಂದು ಲೆಕ್ಕ ಮಾತ್ರ ಬರಲೇಬೇಕು. ಸದಸ್ಯರಿಂದ ಎಷ್ಟು ಹಾಲು, ಎಷ್ಟು ಜಿಡ್ಡು ತೆಗೆದುಕೊಂಡೆವು. ಒಕ್ಕೂಟಕ್ಕೆ ಎಷ್ಟು ಹಾಲು, ಎಷ್ಟು ಜಿಡ್ಡು ತಲುಪಿತು? ಒಂದು ಉದಾಹರಣೆಯಿಂದ ನೋಡೋಣ.

ಒಂದು ಸಂಘದಲ್ಲಿ ಬೆಳಿಗ್ಗೆ 400 ಲೀಟರ್ ಸಂಗ್ರಹವಾಯಿತು ಎಂದಿಟ್ಟುಕೊಳ್ಳಿ. ಒಂದು ಲೀಟರ್ ಹಾಲು ಸುಮಾರು 1.03 ಕಿಲೋಗ್ರಾಂ ತೂಗುತ್ತದೆ. ಹಾಗಾಗಿ 400 ಲೀಟರ್ ಎಂದರೆ 412 ಕಿಲೋ. ಸಂಘದ ಪರೀಕ್ಷೆಯಲ್ಲಿ ಸರಾಸರಿ ಜಿಡ್ಡು ಶೇ. 4.1 ಬಂದಿದೆ. ಅಂದರೆ 16.89 ಕಿಲೋ ಜಿಡ್ಡಿಗೆ ನಾವು ಸದಸ್ಯರಿಗೆ ಹಣ ಕೊಡುತ್ತೇವೆ. ಅದರಲ್ಲಿ 20 ಲೀಟರ್ ಊರಿನಲ್ಲಿಯೇ ಮಾರಾಟವಾಯಿತು. ಅದು 20.6 ಕಿಲೋ ಹಾಲು, 0.84 ಕಿಲೋ ಜಿಡ್ಡು. ಉಳಿದದ್ದು 391.4 ಕಿಲೋ ಹಾಲು, 16.05 ಕಿಲೋ ಜಿಡ್ಡು. ಇಷ್ಟು ಒಕ್ಕೂಟಕ್ಕೆ ಹೋಗಬೇಕು.

ಈಗ ಟ್ರಕ್ ಶೀಟ್ ತೆಗೆದು ನೋಡಿ. ಅದರಲ್ಲಿ 390 ಕಿಲೋ, ಜಿಡ್ಡು ಶೇ. 3.8 ಎಂದಿದೆ. ಹಾಲಿನ ತೂಕದಲ್ಲಿ ಕಿಲೋ ಒಂದೂವರೆ ಕಡಿಮೆ, ಮಾದರಿ ಮತ್ತು ಪಾತ್ರೆಗೆ ಅಂಟಿದ್ದು ಎಂದು ಒಪ್ಪಬಹುದು. ಆದರೆ ಜಿಡ್ಡು? 390 ಕಿಲೋಗೆ ಶೇ. 3.8ರಂತೆ 14.82 ಕಿಲೋ. ಅಂದರೆ 1.23 ಕಿಲೋ ಜಿಡ್ಡು ಕಾಣೆಯಾಗಿದೆ. ಒಂದೇ ಹೊತ್ತಿನಲ್ಲಿ! ಪ್ರತಿ ಹೊತ್ತೂ ಹೀಗೆಯೇ ಆದರೆ ತಿಂಗಳ 60 ಹೊತ್ತಿಗೆ ಸುಮಾರು 74 ಕಿಲೋ. ತುಪ್ಪದ ಬೆಲೆ ಏನೆಂಬುದನ್ನು ನೀವೇ ಬಲ್ಲಿರಿ. ಬಾರದ ಜಿಡ್ಡಿಗೆ ಸಂಘ ಹಣ ಕೊಟ್ಟರೆ ಅದು ಹೋಗುವುದು ಎಲ್ಲ ಸದಸ್ಯರ ಬೋನಸ್ಸಿನಿಂದ.

ಹೀಗೆ ವ್ಯತ್ಯಾಸ ಕಂಡ ತಕ್ಷಣ ಪರೀಕ್ಷಕರನ್ನು ಕಳ್ಳ ಎನ್ನುವುದು ಬಹಳ ಅಧ್ಯಕ್ಷರು ಮಾಡುವ ಕೆಲಸ. ಕಾರಣಗಳು ಹಲವು. ಹಾಲನ್ನು ಕಲಕದೆ ಮಾದರಿ ತೆಗೆದಿರಬಹುದು. ಯಂತ್ರ ಸರಿಯಾಗಿ ತೊಳೆಯದೆ, ಬಹಳ ಕಾಲದಿಂದ ಸರಿಹೊಂದಿಸದೆ ಇದ್ದಿರಬಹುದು. ಒಕ್ಕೂಟಕ್ಕೆ ಹೋಗುವ ಮಾದರಿಯನ್ನು ತೆಗೆದ ಬಗೆಯೇ ತಪ್ಪಿರಬಹುದು. ದಾಕ್ಷಿಣ್ಯಕ್ಕಾಗಿ ಕೆಲವರಿಗೆ ಒಂದೆರಡು ಪಾಯಿಂಟು ಏರಿಸಿ ಬರೆದಿರಲೂಬಹುದು. ಮೊದಲು ಕಲಕುವುದನ್ನು ಸರಿಮಾಡಿ ಒಂದು ವಾರ ಲೆಕ್ಕ ನೋಡಬೇಕು. ನಂತರ ಕೆಲವು ಮಾದರಿಗಳನ್ನು ಎರಡು ಭಾಗ ಮಾಡಿ, ಹೆಸರು ಬರೆಯದೆ ಸಂಖ್ಯೆ ಮಾತ್ರ ಹಾಕಿ, ಒಂದನ್ನು ಸಂಘದಲ್ಲಿ, ಇನ್ನೊಂದನ್ನು ವಿಸ್ತರಣಾಧಿಕಾರಿಗಳ ಮೂಲಕ ಒಕ್ಕೂಟದ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಬೇಕು. ಯಂತ್ರದ ದೋಷವಾಗಿದ್ದರೆ ಎಲ್ಲ ಮಾದರಿಗಳಲ್ಲೂ ಒಂದೇ ರೀತಿಯ ವ್ಯತ್ಯಾಸ ಕಾಣುತ್ತದೆ. ಇಷ್ಟೆಲ್ಲ ಆದ ಮೇಲೂ ಲೆಕ್ಕ ಕೂಡದಿದ್ದರೆ ಆಗ ಮನುಷ್ಯರ ವಿಷಯ ಮಾತಾಡಬಹುದು, ಅದೂ ಆಡಳಿತ ಮಂಡಳಿಯ ಸಭೆಯಲ್ಲಿ, ಬಸ್ ನಿಲ್ದಾಣದಲ್ಲಿ ಅಲ್ಲ.

ಕಾರ್ಯದರ್ಶಿಯ ಕೆಲಸ, ಅಧ್ಯಕ್ಷರ ಕೆಲಸ

ಕಾರ್ಯದರ್ಶಿಯವರು (ಈಗ ಮುಖ್ಯ ಕಾರ್ಯನಿರ್ವಾಹಕರೆಂದು ಕರೆಯಲಾಗುತ್ತದೆ) ಹಲವು ಕಡೆ ಹತ್ತು ಹದಿನೈದು ವರ್ಷ ಸಂಘದಲ್ಲಿ ಕೆಲಸ ಮಾಡಿದವರು. ಮೂರು ನಾಲ್ಕು ಅಧ್ಯಕ್ಷರನ್ನು ಕಂಡವರು. ಹೊಸ ಅಧ್ಯಕ್ಷರು ಅವರ ವಿಷಯದಲ್ಲಿ ಎರಡು ದಾರಿ ಹಿಡಿಯುತ್ತಾರೆ. ಒಂದು, "ನನಗೆ ಇದೆಲ್ಲ ತಿಳಿಯೋದಿಲ್ಲ, ನೀನೇ ನೋಡಿಕೋಪ್ಪ" ಎಂದು ಎಲ್ಲವನ್ನೂ ಬಿಟ್ಟುಕೊಡುವುದು. ಇನ್ನೊಂದು, ಮೊದಲ ದಿನದಿಂದಲೇ ಜಗಳ. ಎರಡೂ ಸಂಘಕ್ಕೆ ಹಾನಿ. ಮೊದಲನೆಯದರಲ್ಲಿ ಅಧ್ಯಕ್ಷರು ರಬ್ಬರ್ ಮೊಹರು ಆಗುತ್ತಾರೆ, ಎರಡನೆಯದರಲ್ಲಿ ಕಾರ್ಯದರ್ಶಿ ಹೇಳಬೇಕಾದುದನ್ನೂ ಹೇಳದೆ ಬಾಯಿ ಮುಚ್ಚಿಕೊಳ್ಳುತ್ತಾರೆ.

ಸಂಘ ಏನು ಮಾಡಬೇಕೆಂದು ತೀರ್ಮಾನಿಸುವುದು ಆಡಳಿತ ಮಂಡಳಿ. ಅದನ್ನು ಮಾಡುವುದು ಸಿಬ್ಬಂದಿ. ಆಯಿತೋ ಇಲ್ಲವೋ ಎಂದು ನೋಡುವುದು ಅಧ್ಯಕ್ಷರು. ಅಧ್ಯಕ್ಷರೇ ಹಾಲು ಅಳೆಯಲು, ನಗದು ಎಣಿಸಿ ಕೊಡಲು ನಿಂತರೆ ಅವರನ್ನು ನೋಡುವವರು ಯಾರು?

ಇದಕ್ಕೆ ಗುಜರಾತಿನ ಖೇಡಾ ಜಿಲ್ಲೆಯ ಹಾಲು ಒಕ್ಕೂಟದ ಉದಾಹರಣೆ ಹೇಳಬಹುದು. 1946ರಲ್ಲಿ ಆರಂಭವಾದ ಆ ಒಕ್ಕೂಟದ ಅಧ್ಯಕ್ಷರಾಗಿದ್ದವರು ತ್ರಿಭುವನದಾಸ್ ಪಟೇಲರು. ಸ್ವಾತಂತ್ರ್ಯ ಹೋರಾಟದಿಂದ ಬಂದವರು, ಹಳ್ಳಿ ಹಳ್ಳಿ ತಿರುಗಿ ರೈತರನ್ನು ಕೂಡಿಸಿದವರು. ಯಂತ್ರ ಅವರ ಕ್ಷೇತ್ರವಾಗಿರಲಿಲ್ಲ. 1949ರಲ್ಲಿ ಆನಂದ್ ಊರಿನ ಸರ್ಕಾರಿ ಕ್ರೀಮರಿಗೆ ಕೆಲಸಕ್ಕೆ ಬಂದ ಯುವ ಇಂಜಿನಿಯರ್ ವರ್ಗೀಸ್ ಕುರಿಯನ್ನರಿಗೆ ಯಂತ್ರ ಗೊತ್ತಿತ್ತು, ಊರಿನ ರೈತರು ಹೊಸಬರು. ಪಟೇಲರು ಕುರಿಯನ್ನರನ್ನು ಒಕ್ಕೂಟದ ಕೆಲಸಕ್ಕೆ ಉಳಿಸಿಕೊಂಡರು. ರೈತರ ವಿಶ್ವಾಸವನ್ನು ಒಬ್ಬರು ನೋಡಿಕೊಂಡರು, ಡೇರಿಯನ್ನು ಇನ್ನೊಬ್ಬರು ನಡೆಸಿದರು. 1963ರ ಮ್ಯಾಗ್ಸೆಸೆ ಪ್ರಶಸ್ತಿಯನ್ನು ಹಂಚಿಕೊಂಡವರಲ್ಲಿ ಇವರಿಬ್ಬರೂ ಇದ್ದರು. ಅಷ್ಟು ದೊಡ್ಡ ಸಂಸ್ಥೆಗೆ ಹೊಂದಿದ ಈ ಹಂಚಿಕೆ 400 ಲೀಟರಿನ ಸಂಘಕ್ಕೂ ಹೊಂದುತ್ತದೆ.

ರೂಢಿಯಲ್ಲಿ ಹೇಳುವುದಾದರೆ, ದಿನಕ್ಕೆ ಹತ್ತು ನಿಮಿಷ ಕಾರ್ಯದರ್ಶಿಯವರೊಂದಿಗೆ ಕುಳಿತುಕೊಳ್ಳಿ. ನಿನ್ನೆಯ ಹಾಲು ಎಷ್ಟು, ಟ್ರಕ್ ಶೀಟ್ ಏನು ಹೇಳುತ್ತದೆ, ನಗದು ಎಷ್ಟಿದೆ, ಯಾರ ದೂರು ಬಂದಿದೆ ಎಂಬ ನಾಲ್ಕು ಪ್ರಶ್ನೆ ಸಾಕು. ದಿನವೂ ಕೇಳುವ ಪ್ರಶ್ನೆಗೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಆರು ತಿಂಗಳಿಗೊಮ್ಮೆ ದಿಢೀರನೆ ಕೇಳಿದಾಗಲೇ ಅದು ಅನುಮಾನವಾಗಿ ಕಾಣುವುದು.

ಅಧ್ಯಕ್ಷರ ಮನೆಯ ಹಾಲು

ಮೇಲಿನದೆಲ್ಲ ಕಲಿಯಬಹುದಾದ ವಿಷಯ. ಕಷ್ಟವಾದುದು ಇದು.

ಪದವಿಗೆ ಬಂದ ಮೇಲೂ ಅಧ್ಯಕ್ಷರ ಮನೆಯ ಹಾಲು ಸಂಘಕ್ಕೆ ಬರಬೇಕು, ಬರುತ್ತದೆ. ಅದನ್ನು ತರುವವರು ಅವರ ಮನೆಯವರು ಅಥವಾ ಮಗ. ಪರೀಕ್ಷಕರು ಅದೇ ಅಧ್ಯಕ್ಷರ ಕೈಕೆಳಗಿನ ನೌಕರ. ಯಾರೂ ಹೇಳಿಕೊಡದಿದ್ದರೂ ಎರಡನೆಯ ವಾರದಿಂದ ಆ ಹಾಲಿಗೆ ಜಿಡ್ಡು ಸ್ವಲ್ಪ ಏರಲು ಆರಂಭವಾಗುತ್ತದೆ. ಹಸು ಅದೇ, ಮೇವು ಅದೇ. ಸಾಲಿನಲ್ಲಿ ಹಿಂದೆ ನಿಂತವರು ಚೀಟಿಯನ್ನು ನೋಡುತ್ತಾರೆ, ಮಾತಾಡುವುದಿಲ್ಲ. ಮುಂದಿನ ತಿಂಗಳು ಅವರಲ್ಲಿ ಒಬ್ಬರು ಅರ್ಧ ಹಾಲನ್ನು ಖಾಸಗಿಯವರಿಗೆ ಹಾಕಲು ಶುರುಮಾಡುತ್ತಾರೆ. ಸಂಘದ ಹಾಲು ಏಕೆ ಇಳಿಯಿತು ಎಂದು ಆಮೇಲೆ ಸಭೆಯಲ್ಲಿ ಚರ್ಚೆಯಾಗುತ್ತದೆ. ಬೇಸಿಗೆ, ಮೇವಿನ ಕೊರತೆ, ಬೆಲೆ ಎಲ್ಲ ಕಾರಣಗಳೂ ಬರುತ್ತವೆ. ನಿಜವಾದ ಕಾರಣ ಮಾತ್ರ ಬರುವುದಿಲ್ಲ.

ಆದುದರಿಂದ ಅಧ್ಯಕ್ಷರು ಪರೀಕ್ಷಕರನ್ನು ಕರೆದು, ನಾಲ್ಕು ಜನರ ಎದುರಿಗೇ ಹೇಳಬೇಕು: "ನಮ್ಮ ಮನೆ ಹಾಲು ಸಾಲಿನಲ್ಲೇ ಬರುತ್ತೆ. ಎಲ್ಲರ ಹಾಗೆ ಕಲಕಿ, ಎಲ್ಲರ ಹಾಗೆ ನೋಡಿ, ಬಂದದ್ದನ್ನು ಬರೀರಿ." ಮನೆಯಲ್ಲಿಯೂ ಹೇಳಬೇಕು. ಕೆಲವೊಮ್ಮೆ ಮನೆಯಲ್ಲಿ ಹೇಳುವುದೇ ಹೆಚ್ಚು ಕಷ್ಟ.

ಇದರ ಇನ್ನೊಂದು ಮುಖ ಸ್ನೇಹಿತರದ್ದು. ಚುನಾವಣೆಯಲ್ಲಿ ಓಡಾಡಿದವರು, ನೆಂಟರು, ಒಂದೇ ಬೀದಿಯವರು ಬಂದು ಕೇಳುತ್ತಾರೆ. ಹಿಂದಿರುಗಿಸಿದ ಹುಳಿ ಹಾಲನ್ನು ತೆಗೆದುಕೊಳ್ಳಲು ಹೇಳಿ, ಕೆಚ್ಚಲು ಬಾವಿನ ಹಸುವಿನ ಹಾಲಾದರೂ ಪರವಾಗಿಲ್ಲ, ಒಂದು ಮೊಳೆಯಷ್ಟು ನಮ್ಮ ಹುಡುಗನಿಗೆ ಕೆಲಸ. ಇಲ್ಲಿ ಅಧ್ಯಕ್ಷರು "ನೋಡೋಣ" ಎನ್ನಬಾರದು. ಹಳ್ಳಿಯಲ್ಲಿ "ನೋಡೋಣ" ಎಂದರೆ "ಆಯಿತು" ಎಂದೇ ಅರ್ಥ. ಒಂದು ಕ್ಯಾನು ಕೆಟ್ಟ ಹಾಲು ಶೀತಲೀಕರಣ ತೊಟ್ಟಿಗೆ ಬಿದ್ದರೆ ತೊಟ್ಟಿಯ ಹಾಲೆಲ್ಲ ಕೆಡುತ್ತದೆ ಎಂದು ವಿವರಿಸಿ, ಆಗುವುದಿಲ್ಲವೆಂದು ಅಲ್ಲಿಯೇ ಹೇಳುವುದು ಒಳ್ಳೆಯದು. ಅದರ ಬದಲು ಪಶುವೈದ್ಯರನ್ನು ಅಂದೇ ಅವರ ಕೊಟ್ಟಿಗೆಗೆ ಕಳುಹಿಸಿದರೆ ಸ್ನೇಹವೂ ಉಳಿಯುತ್ತದೆ.

ಸೋತವರೂ ಹಾಲು ಹಾಕುತ್ತಾರೆ

ಸೋತ ಗುಂಪಿನವರ ಹಾಲೂ ಅದೇ ತೊಟ್ಟಿಗೆ ಬೀಳುತ್ತದೆ. ಗೆದ್ದ ವಾರದಲ್ಲಿಯೇ ಹಿಂದಿನ ಅಧ್ಯಕ್ಷರ ಮನೆಗೆ ಒಬ್ಬರೇ ಹೋಗಿ ಬನ್ನಿ. ನಿವೇಶನದ ತಕರಾರು, ಅರ್ಧಕ್ಕೆ ನಿಂತ ಕಟ್ಟಡ, ಒಕ್ಕೂಟಕ್ಕೆ ಕೊಟ್ಟ ಅರ್ಜಿ, ಪುಸ್ತಕದಲ್ಲಿ ಬರೆಯದ ಇಂತಹ ವಿಷಯಗಳು ಅವರ ತಲೆಯಲ್ಲಿರುತ್ತವೆ. ಗೌರವದಿಂದ ಕೇಳಿದರೆ ಹೇಳುತ್ತಾರೆ. ಖೇಡಾದ ತ್ರಿಭುವನದಾಸ್ ಪಟೇಲರು 1970ರ ದಶಕದ ಆರಂಭದಲ್ಲಿ ಸ್ವಇಚ್ಛೆಯಿಂದ ಪದವಿ ಬಿಟ್ಟಾಗ ಸದಸ್ಯರು ತಲಾ ಒಂದು ರೂಪಾಯಿಯಂತೆ ಕೂಡಿಸಿ ನಿಧಿ ಅರ್ಪಿಸಿದರು. ಅವರು ಅದನ್ನು ಹಳ್ಳಿಗಳ ಆರೋಗ್ಯ ಕಾರ್ಯಕ್ಕೆ ಮೀಸಲಿಟ್ಟರು. ಎಲ್ಲ ಸಂಘದಲ್ಲೂ ಹಾಗಾಗದು. ಒಂದು ಲೋಟ ಕಾಫಿ ಕುಡಿದು ಬರುವುದಂತೂ ಆದೀತು.

ಆಡಳಿತ ಮಂಡಳಿಯ ಸಭೆಗೆ ಮುಂಚಿತವಾಗಿ ತಿಳಿವಳಿಕೆ ಪತ್ರ ಎಲ್ಲ ನಿರ್ದೇಶಕರಿಗೂ ತಲುಪಬೇಕು. ನಡವಳಿಯನ್ನು ಸಭೆಯಲ್ಲಿಯೇ ಬರೆದು, ಓದಿ ಹೇಳಿ, ಸಹಿ ಪಡೆಯಬೇಕು. ಮನೆಮನೆಗೆ ಪುಸ್ತಕ ಕಳುಹಿಸಿ ಸಹಿ ಮಾಡಿಸುವುದು ಸಭೆಯಲ್ಲ. ನಡುವೆ ಖಾಲಿ ಸಾಲು ಬಿಡಬಾರದು, ಖಾಲಿ ಬಿಟ್ಟ ಸಾಲಿನಲ್ಲಿ ನಾಳೆ ಏನು ಬೇಕಾದರೂ ಹುಟ್ಟೀತು. ವಿರೋಧಿಸಿದ ನಿರ್ದೇಶಕರ ಅಭಿಪ್ರಾಯವನ್ನೂ ಬರೆಸಿ. ಹಾಗೆಯೇ ಸನ್ಮಾನ, ಹಾರ, ಊಟದ ಖರ್ಚನ್ನು ಸಂಘದ ವೋಚರಿಗೆ ಹಾಕಬೇಡಿ.

ಮಹಿಳಾ ಅಧ್ಯಕ್ಷರ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಕೇಂದ್ರ ಸರ್ಕಾರದ ಸ್ಟೆಪ್ ಯೋಜನೆ 1986-87ರಲ್ಲಿ ಆರಂಭವಾದ ಮೇಲೆ ನಮ್ಮ ರಾಜ್ಯದಲ್ಲಿ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘಗಳು ಅನೇಕ ಹಳ್ಳಿಗಳಲ್ಲಿ ಹುಟ್ಟಿದವು. ಹಸುವಿನ ಕೆಲಸ ಬಹುಪಾಲು ಹೆಂಗಸರದೇ ಆದ್ದರಿಂದ ಇದು ಆಗಬೇಕಾದುದೇ. ಆದರೆ ಕೆಲವೆಡೆ ಅಧ್ಯಕ್ಷರಾದ ತಾಯಿ ಮನೆಯಲ್ಲಿರುತ್ತಾರೆ, ಸಭೆಯಲ್ಲಿ ಕುಳಿತುಕೊಳ್ಳುವುದು ಅವರ ಯಜಮಾನರು. ಪುಸ್ತಕ ಸಹಿಗಾಗಿ ಅಡುಗೆಮನೆಗೆ ಹೋಗುತ್ತದೆ. ಕಾನೂನಿನ ಮುಂದೆ ಸಹಿ ಮಾಡಿದವರೇ ಹೊಣೆ, ಯಜಮಾನರಲ್ಲ. ಓದು ಬಾರದಿದ್ದರೂ ಚಿಂತೆಯಿಲ್ಲ. ಕಾರ್ಯದರ್ಶಿಯವರಿಂದ ಗಟ್ಟಿಯಾಗಿ ಓದಿಸಿ, ಇನ್ನೊಬ್ಬ ನಿರ್ದೇಶಕಿಯಿಂದ ಮತ್ತೊಮ್ಮೆ ಓದಿಸಿ, ಎರಡೂ ಒಂದೇ ಆಗಿದ್ದರೆ ಸಹಿ ಮಾಡಲಿ. ಸಭೆಯಲ್ಲಿ ನಿರ್ದೇಶಕರಲ್ಲದವರು ಯಾರೇ ಇದ್ದರೂ ಹೊರಗೆ ಕುಳಿತುಕೊಳ್ಳಲು ಹೇಳುವ ಅಧಿಕಾರ ಅಧ್ಯಕ್ಷರದು.

ಬೋನಸ್ಸಿನ ಮಾತು

ಚುನಾವಣೆಯಲ್ಲಿ ಹೆಚ್ಚು ಬೋನಸ್ ಕೊಡುವ ಭರವಸೆ ಬಹಳ ಕಡೆ ಕೇಳಿಬರುತ್ತದೆ. ಒಕ್ಕೂಟದಿಂದ ಬರುವ ಹಣಕ್ಕೂ ಸದಸ್ಯರಿಗೆ ಕೊಡುವ ಹಣಕ್ಕೂ ನಡುವಿನ ಅಂತರ, ಸ್ಥಳೀಯ ಮಾರಾಟ, ಪಶು ಆಹಾರದ ಕಮಿಷನ್, ಮಾದರಿ ಹಾಲು, ಸಂಘದ ಆದಾಯ ಹೆಚ್ಚುಕಡಿಮೆ ಇಷ್ಟೇ. ಇದರಲ್ಲಿ ಸಿಬ್ಬಂದಿ ಸಂಬಳ, ವಿದ್ಯುತ್, ಬಾಡಿಗೆ, ಕಾಗದ ಪತ್ರ ಕಳೆದು, ಉಳಿದ ನಿವ್ವಳ ಲಾಭದಲ್ಲಿ ಕನಿಷ್ಠ ಶೇ. 25ನ್ನು ಆಪದ್ಧನ ನಿಧಿಗೆ ಹಾಕಬೇಕು. ಬೋನಸ್ ಬರುವುದು ಅದರ ಆಚೆಯ ಹಣದಿಂದ. ಕೊಡುವೆನೆಂದ ಮೊತ್ತ ಈ ಲೆಕ್ಕದಲ್ಲಿ ಕಾಣದಿದ್ದರೆ, ಮೂರನೇ ತಿಂಗಳ ಒಳಗೆ ಸದಸ್ಯರಿಗೆ ಹಾಗೆಂದು ಹೇಳುವುದೇ ಲೇಸು. ಮಹಾಸಭೆಯ ದಿನ ಹೇಳಿದರೆ ಮೈಕು ಕಿತ್ತುಕೊಳ್ಳುತ್ತಾರೆ.

ಅದಕ್ಕೆ ಸುಲಭವಾದ ದಾರಿ ಒಂದು ಕಪ್ಪುಹಲಗೆ. ಸಂಗ್ರಹಣಾ ಕೊಠಡಿಯ ಗೋಡೆಯ ಮೇಲೆ ಪ್ರತಿ ಬಟವಾಡೆಗೆ ನಾಲ್ಕು ಸಂಖ್ಯೆ ಬರೆಸಿ: ಸದಸ್ಯರಿಂದ ಬಂದ ಜಿಡ್ಡು, ಸ್ಥಳೀಯ ಮಾರಾಟದ ಜಿಡ್ಡು, ಒಕ್ಕೂಟಕ್ಕೆ ಹೋದ ಜಿಡ್ಡು, ವ್ಯತ್ಯಾಸ. ಮೊದಲ ಸಲ ವ್ಯತ್ಯಾಸ ದೊಡ್ಡದಾಗಿಯೇ ಇರಬಹುದು. ಅಳಿಸದೆ ಬರೆಯಿರಿ. ಮಹಾಸಭೆಯನ್ನು ಹಣಕಾಸು ವರ್ಷ ಮುಗಿದು ಆರು ತಿಂಗಳೊಳಗೆ ಕರೆಯಬೇಕಾಗುತ್ತದೆ. ಅಷ್ಟು ಹೊತ್ತಿಗೆ ಸದಸ್ಯರು ಆ ಹಲಗೆಯನ್ನು ಓದಲು ಕಲಿತಿರುತ್ತಾರೆ, ಪ್ರಶ್ನೆಗಳೂ ಅದರ ಮೇಲೆಯೇ ಬರುತ್ತವೆ. ಅಧ್ಯಕ್ಷರ ತರಬೇತಿಗೆ ಒಕ್ಕೂಟದಿಂದ ಕರೆ ಬಂದಾಗ ಕಳೆದ ಒಂದು ತಿಂಗಳ ಟ್ರಕ್ ಶೀಟುಗಳನ್ನೂ ಸಂಘದ ಸಂಗ್ರಹಣಾ ಪಟ್ಟಿಯನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಸ್ವಂತ ಸಂಘದ ಅಂಕಿ ಮುಂದಿಟ್ಟುಕೊಂಡು ಕೇಳಿದರೆ ಉತ್ತರವೂ ಸ್ವಂತ ಸಂಘಕ್ಕೆ ಹೊಂದುವಂತೆಯೇ ಸಿಗುತ್ತದೆ.